ಹಿರಿಯರಿಗೆ ಪೂರಕ ಆರೋಗ್ಯ ವಿಮೆ: ಆಯ್ಕೆ ಮಾಡುವ ಕ್ರಮ

ಮಳೆ ಕೈಕೊಟ್ಟರೆ ಒಂದು ಬೆಳೆ ಹೋಗುತ್ತದೆ. ಮುಂದಿನ ಹಂಗಾಮಿನಲ್ಲಿ ಅದನ್ನು ಸರಿದೂಗಿಸಿಕೊಳ್ಳಬಹುದು. ಆದರೆ ಮನೆಯ ಹಿರಿಯರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸೊಂಟದ ಮೂಳೆ ಮುರಿತದಂತಹ ತೊಂದರೆ ಬಂದಾಗ ಆಸ್ಪತ್ರೆಯ ಬಿಲ್ಲು ಕಟ್ಟಲು ಜಮೀನನ್ನೋ ಹಸುಗಳನ್ನೋ ಮಾರಿದ ಕುಟುಂಬ ಮತ್ತೆ ಮೊದಲಿನ ಸ್ಥಿತಿಗೆ ಬರುವುದು ಕಷ್ಟ. ಬೆಳೆಗೆ ವಿಮೆ, ರಾಸುಗಳಿಗೆ ವಿಮೆ ಮಾಡಿಸುವ ರೈತ ಕುಟುಂಬಗಳಲ್ಲಿ ಸಹ ವಯಸ್ಸಾದ ತಂದೆ ತಾಯಿಯರ ಚಿಕಿತ್ಸೆಗೆ ಮುಂಚಿತವಾಗಿ ಏರ್ಪಾಡು ಮಾಡಿಕೊಂಡವರು ಕಡಿಮೆ. ಸರ್ಕಾರದ ಕಾರ್ಡು ಇದೆ, ಅಷ್ಟು ಸಾಕು ಎಂದು ಕೆಲವರು ತಿಳಿಯುತ್ತಾರೆ. ಮತ್ತೆ ಕೆಲವರು ಏಜೆಂಟರು ಹೇಳಿದ ಪಾಲಿಸಿಗೆ ಓದದೆ ಸಹಿ ಹಾಕುತ್ತಾರೆ. ಎರಡೂ ಸರಿಯಲ್ಲ. ಮೊದಲು ಕೈಯಲ್ಲಿ ಏನಿದೆ ಎಂದು ತಿಳಿದು, ಅದರಲ್ಲಿ ಎಲ್ಲಿ ಕೊರತೆ ಇದೆಯೋ ಅಲ್ಲಿಗೆ ಮಾತ್ರ ಪೂರಕ ವಿಮೆ ಕೊಳ್ಳುವುದು ಲಾಭದಾಯಕ. ಮಣ್ಣು ಪರೀಕ್ಷೆ ಮಾಡಿಸಿ ಕೊರತೆ ಇರುವ ಗೊಬ್ಬರವನ್ನಷ್ಟೇ ಹಾಕುವ ಕ್ರಮವೇ ಇಲ್ಲಿಯೂ ಅನ್ವಯಿಸುತ್ತದೆ.

ಈಗಾಗಲೇ ಇರುವ ರಕ್ಷಣೆ

ಕರ್ನಾಟಕದ ಹಳ್ಳಿಗಳಲ್ಲಿ ವಾಸಿಸುವವರಿಗೆ ಮುಖ್ಯವಾಗಿ ಮೂರು ಸೌಲಭ್ಯಗಳು ಸಿಗುತ್ತವೆ.

1. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: ಕೇಂದ್ರದ ಯೋಜನೆಯು 2018ರ ಸೆಪ್ಟೆಂಬರಿನಲ್ಲಿ ಆರಂಭವಾಗಿ, ಅದೇ ವರ್ಷ ರಾಜ್ಯದ ಆರೋಗ್ಯ ಕರ್ನಾಟಕದೊಂದಿಗೆ ಸೇರಿಕೊಂಡಿತು. ಬಿ.ಪಿ.ಎಲ್. ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ ದೊರೆಯುತ್ತದೆ. ಎ.ಪಿ.ಎಲ್. ಕುಟುಂಬಗಳಿಗೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇಕಡಾ 30ರಷ್ಟು ಮಾತ್ರ, ಅದೂ ವರ್ಷಕ್ಕೆ ರೂ. 1.5 ಲಕ್ಷ ಮೀರದಂತೆ ಸಿಗುತ್ತದೆ. ಉಳಿದ ಶೇಕಡಾ 70 ಭಾಗವನ್ನು ಕುಟುಂಬವೇ ಭರಿಸಬೇಕು. ಮೊದಲಿನಿಂದ ಇದ್ದ ಕಾಯಿಲೆಗಳಿಗೂ ಇಲ್ಲಿ ಕಾಯುವ ಅವಧಿ ಇಲ್ಲ. ಇದು ಈ ಯೋಜನೆಯ ದೊಡ್ಡ ಗುಣ.

2. ಎಪ್ಪತ್ತು ವರ್ಷ ತುಂಬಿದವರಿಗೆ ವಿಸ್ತರಣೆ: ವರಮಾನದ ಮಿತಿಯಿಲ್ಲದೆ 70 ವರ್ಷ ಮತ್ತು ಮೇಲ್ಪಟ್ಟ ಎಲ್ಲರಿಗೂ ಆಯುಷ್ಮಾನ್ ಭಾರತ್ ರಕ್ಷಣೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ವಿಸ್ತರಿಸಿತು. ಇದಕ್ಕೆ 'ಆಯುಷ್ಮಾನ್ ವಯ ವಂದನಾ' ಕಾರ್ಡು ಕೊಡಲಾಗುತ್ತದೆ. ಮೊದಲೇ ಯೋಜನೆಯಲ್ಲಿರುವ ಕುಟುಂಬದ ಹಿರಿಯರಿಗೆ ಪ್ರತ್ಯೇಕವಾಗಿ ರೂ. 5 ಲಕ್ಷ ಸಿಗುತ್ತದೆ; ಅದನ್ನು 70 ವರ್ಷದೊಳಗಿನ ಸದಸ್ಯರೊಂದಿಗೆ ಹಂಚಿಕೊಳ್ಳಬೇಕಿಲ್ಲ. ಒಂದೇ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ 70 ತುಂಬಿದ್ದರೆ ಇಬ್ಬರಿಗೂ ಸೇರಿ ಈ ಮೊತ್ತ. ಖಾಸಗಿ ಆರೋಗ್ಯ ವಿಮೆ ಇರುವವರೂ ಇದಕ್ಕೆ ಅರ್ಹರು. ಯೋಜನೆ ರಾಜ್ಯಗಳ ಮೂಲಕ ಜಾರಿಯಾಗುವುದರಿಂದ ಕಾರ್ಡು ಕೈಯಲ್ಲಿದ್ದರಷ್ಟೇ ಸಾಲದು. ತಮ್ಮ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಅದರಡಿ ರೋಗಿಯನ್ನು ದಾಖಲು ಮಾಡಿಕೊಳ್ಳುತ್ತಾರೆಯೇ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿಕೊಳ್ಳಬೇಕು. ಸಹಾಯವಾಣಿ ಸಂಖ್ಯೆ 14555.

3. ಯಶಸ್ವಿನಿ: ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಈ ಯೋಜನೆ 2018ರಲ್ಲಿ ನಿಂತು, 2022–23ನೇ ಸಾಲಿನಲ್ಲಿ ಮತ್ತೆ ಆರಂಭವಾಯಿತು. ಮರು ಆರಂಭವಾದಾಗ ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ ವಾರ್ಷಿಕ ವಂತಿಗೆ ರೂ. 500, ಹೆಚ್ಚಿನ ಪ್ರತಿ ಸದಸ್ಯರಿಗೆ ರೂ. 100 ಎಂದೂ, ಚಿಕಿತ್ಸೆಯ ಮಿತಿ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷ ಎಂದೂ ಗೊತ್ತುಪಡಿಸಲಾಯಿತು. ನೋಂದಣಿಗೆ ಪ್ರತಿ ವರ್ಷ ನಿಗದಿತ ಕಾಲಾವಧಿ ಇರುತ್ತದೆ. ಹಾಲಿನ ಸಂಘ ಅಥವಾ ಕೃಷಿ ಪತ್ತಿನ ಸಂಘದ ಕಾರ್ಯದರ್ಶಿಯನ್ನು ಕಂಡು ದಿನಾಂಕ, ಅರ್ಹತೆ ಮತ್ತು ಆಸ್ಪತ್ರೆಗಳ ಪಟ್ಟಿಯನ್ನು ತಿಳಿದುಕೊಳ್ಳಬೇಕು. ಎ.ಪಿ.ಎಲ್. ಚೀಟಿ ಇರುವ ರೈತರಿಗೆ ಇದು ಬಹಳ ಅಗ್ಗದ ರಕ್ಷಣೆ.

ಈ ಸೌಲಭ್ಯಗಳನ್ನು ಪಡೆಯದೆ ನೇರವಾಗಿ ಖಾಸಗಿ ವಿಮೆಗೆ ಹೋಗುವುದು ಮನೆಯ ತಿಪ್ಪೆಗೊಬ್ಬರ ಬಿಟ್ಟು ಪೇಟೆಯ ಗೊಬ್ಬರಕ್ಕೆ ಹಣ ಸುರಿದಂತೆ.

ಕೊರತೆ ಎಲ್ಲಿದೆ?

ಸರ್ಕಾರದ ಯೋಜನೆಗಳು ನೋಂದಾಯಿತ ಆಸ್ಪತ್ರೆಗಳಲ್ಲಿ, ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ಅನ್ವಯಿಸುತ್ತವೆ. ಆರೋಗ್ಯ ಕರ್ನಾಟಕದಲ್ಲಿ ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಸೌಲಭ್ಯ ಇಲ್ಲದಿದ್ದಾಗ ಶಿಫಾರಸು ಪತ್ರ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ರಾತ್ರಿ ವೇಳೆ ಗಾಬರಿಯಲ್ಲಿ ಹತ್ತಿರದ ನೋಂದಾಯಿಸದ ಆಸ್ಪತ್ರೆಗೆ ಸೇರಿಸಿದರೆ ಕಾರ್ಡಿನಿಂದ ಏನೂ ಬರುವುದಿಲ್ಲ. ಆದ್ದರಿಂದ ಕೊರತೆಯನ್ನು ಗುರುತಿಸಲು ಈ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

(ಅ) ಮನೆಯಿಂದ ಒಂದು ಗಂಟೆಯೊಳಗೆ ತಲುಪಬಹುದಾದ ಆಸ್ಪತ್ರೆಗಳಲ್ಲಿ ಯಾವುವು ಯೋಜನೆಯಲ್ಲಿ ನೋಂದಣಿಯಾಗಿವೆ?
(ಆ) ಹಿರಿಯರಿಗೆ ಈಗಾಗಲೇ ಇರುವ ಕಾಯಿಲೆಗೆ ಅಲ್ಲಿ ತಜ್ಞ ವೈದ್ಯರಿದ್ದಾರೆಯೇ?
(ಇ) ಪಟ್ಟಣದಲ್ಲಿರುವ ಮಗನ ಅಥವಾ ಮಗಳ ಮನೆಯಲ್ಲಿ ವರ್ಷದ ಎಷ್ಟು ತಿಂಗಳು ಇರುತ್ತಾರೆ?
(ಈ) ಕಾರ್ಡು ನಡೆಯದ ಕಡೆ ಚಿಕಿತ್ಸೆ ಪಡೆಯಬೇಕಾಗಿ ಬಂದರೆ, ಜಮೀನು ಮಾರದೆ ಮತ್ತು ಬಡ್ಡಿಗೆ ಹಣ ತರದೆ ಎಷ್ಟು ಮೊತ್ತ ಹೊಂದಿಸಬಹುದು?

ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಮುಂದಿನ ಎಲ್ಲ ಲೆಕ್ಕಾಚಾರಕ್ಕೆ ತಳಹದಿ.

ಪೂರಕ ವಿಮೆಯ ಬಗೆಗಳು

*ಮೂಲ ಪಾಲಿಸಿ:* ಮೊದಲ ರೂಪಾಯಿಯಿಂದಲೇ ಆಸ್ಪತ್ರೆ ವೆಚ್ಚ ಕೊಡುವ ಸಾಮಾನ್ಯ ಪಾಲಿಸಿ. ವಯಸ್ಸಾದವರಿಗೆ ಇದರ ಕಂತು ಹೆಚ್ಚು. ಇಡೀ ಕುಟುಂಬವನ್ನು ಒಂದೇ ಪಾಲಿಸಿಯಲ್ಲಿ ಸೇರಿಸಿದರೆ ಕಂತನ್ನು ಸಾಮಾನ್ಯವಾಗಿ ಅತಿ ಹಿರಿಯ ಸದಸ್ಯರ ವಯಸ್ಸಿನ ಮೇಲೆ ಕಟ್ಟುತ್ತಾರೆ. ಹೀಗಾಗಿ ತಂದೆ ತಾಯಿಯರಿಗೆ ಪ್ರತ್ಯೇಕ ಪಾಲಿಸಿ, ಮಗ ಸೊಸೆ ಮಕ್ಕಳಿಗೆ ಪ್ರತ್ಯೇಕ ಪಾಲಿಸಿ ಮಾಡಿಸುವುದು ಒಳ್ಳೆಯದು.

*ಟಾಪ್‌ಅಪ್ ಮತ್ತು ಸೂಪರ್ ಟಾಪ್‌ಅಪ್:* ಇವು ಒಂದು ನಿಗದಿತ ಮೊತ್ತ ದಾಟಿದ ಮೇಲೆ ಬರುವ ವೆಚ್ಚವನ್ನು ಮಾತ್ರ ಕೊಡುತ್ತವೆ. ಆ ಮೊತ್ತಕ್ಕೆ ಡಿಡಕ್ಟಿಬಲ್ ಎನ್ನುತ್ತಾರೆ. ಸಣ್ಣ ಬಿಲ್ಲುಗಳ ಭಾರ ಕಂಪನಿಯ ಮೇಲೆ ಬೀಳದ ಕಾರಣ ಕಂತು ಕಡಿಮೆ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದೆ ಅನೇಕರು ಮೋಸಹೋಗುತ್ತಾರೆ. ಉದಾಹರಣೆಗೆ, ಡಿಡಕ್ಟಿಬಲ್ ರೂ. 3 ಲಕ್ಷ ಇರಲಿ. ಒಂದೇ ವರ್ಷದಲ್ಲಿ ಹಿರಿಯರೊಬ್ಬರು ಎರಡು ಸಲ ಆಸ್ಪತ್ರೆ ಸೇರಿ, ಮೊದಲ ಬಿಲ್ಲು ರೂ. 2.5 ಲಕ್ಷ, ಎರಡನೆಯದು ರೂ. 3 ಲಕ್ಷ ಆಯಿತೆನ್ನೋಣ. ಟಾಪ್‌ಅಪ್ ಪಾಲಿಸಿ ಒಂದೊಂದು ಬಿಲ್ಲನ್ನು ಬೇರೆ ಬೇರೆಯಾಗಿ ನೋಡುತ್ತದೆ. ಯಾವುದೂ ರೂ. 3 ಲಕ್ಷ ದಾಟಿಲ್ಲ, ಆದ್ದರಿಂದ ಏನೂ ಬರುವುದಿಲ್ಲ. ಸೂಪರ್ ಟಾಪ್‌ಅಪ್ ಪಾಲಿಸಿ ವರ್ಷದ ಒಟ್ಟು ವೆಚ್ಚವಾದ ರೂ. 5.5 ಲಕ್ಷವನ್ನು ನೋಡುತ್ತದೆ. ಮಿತಿ ದಾಟಿದ ರೂ. 2.5 ಲಕ್ಷ ಬರುತ್ತದೆ. ವಯಸ್ಸಾದವರು ವರ್ಷದಲ್ಲಿ ಹಲವು ಬಾರಿ ಆಸ್ಪತ್ರೆ ಸೇರುವ ಸಂಭವ ಹೆಚ್ಚಾದ್ದರಿಂದ ಅವರಿಗೆ ಸೂಪರ್ ಟಾಪ್‌ಅಪ್ ಸೂಕ್ತ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸರ್ಕಾರದ ಕಾರ್ಡಿನಲ್ಲಿ ರೂ. 5 ಲಕ್ಷ ಇದೆ, ಆದ್ದರಿಂದ ರೂ. 5 ಲಕ್ಷ ಡಿಡಕ್ಟಿಬಲ್ ಇರುವ ಪಾಲಿಸಿ ತೆಗೆದುಕೊಂಡರಾಯಿತು ಎಂಬ ಲೆಕ್ಕ ಸರಿಯಲ್ಲ. ಕಾರ್ಡು ನಡೆಯದ ಆಸ್ಪತ್ರೆಯಲ್ಲಿ ಆ ಮೊದಲ ರೂ. 5 ಲಕ್ಷವನ್ನು ಕೈಯಿಂದಲೇ ಕೊಡಬೇಕಾಗುತ್ತದೆ. ಡಿಡಕ್ಟಿಬಲ್ ಮೊತ್ತ ಕುಟುಂಬ ನಿಜವಾಗಿ ಹೊಂದಿಸಬಲ್ಲಷ್ಟು ಇರಬೇಕು.

*ದಿನಭತ್ಯೆ ಪಾಲಿಸಿ:* ಆಸ್ಪತ್ರೆಯಲ್ಲಿದ್ದ ಪ್ರತಿ ದಿನಕ್ಕೆ ನಿಗದಿತ ಮೊತ್ತ ಕೊಡುತ್ತದೆ. ಜೊತೆಗಿರುವವರ ಊಟ, ಬಸ್ಸು ಖರ್ಚು, ಹೊಲಕ್ಕೆ ಆಳು ಇಟ್ಟ ಕೂಲಿ ಮುಂತಾದವಕ್ಕೆ ಒದಗುತ್ತದೆ. ಆಸ್ಪತ್ರೆ ಬಿಲ್ಲಿಗೆ ಇದನ್ನು ನಂಬಬಾರದು.

*ಗಂಭೀರ ಕಾಯಿಲೆಗಳ ಪಾಲಿಸಿ:* ಪಟ್ಟಿಯಲ್ಲಿರುವ ಕ್ಯಾನ್ಸರ್, ಮೂತ್ರಪಿಂಡ ವೈಫಲ್ಯ ಮುಂತಾದ ರೋಗ ಪತ್ತೆಯಾದರೆ ಒಂದೇ ಗಂಟಿನಲ್ಲಿ ಹಣ ಬರುತ್ತದೆ. ಹಿರಿಯರಿಗೆ ಕಂತು ದುಬಾರಿ. ನಡುವಯಸ್ಸಿನಲ್ಲಿ ಮಾಡಿಸಿದರೆ ಮಾತ್ರ ಪ್ರಯೋಜನ ಹೆಚ್ಚು.

*ಅಪಘಾತ ವಿಮೆ:* ಪ್ರಧಾನ ಮಂತ್ರಿ ಸುರಕ್ಷಾ ಬೀಮಾ ಯೋಜನೆಗೆ 18ರಿಂದ 70 ವರ್ಷದ ಬ್ಯಾಂಕ್ ಖಾತೆದಾರರು ಸೇರಬಹುದು. 2022ರ ಜೂನ್ 1ರಿಂದ ವಾರ್ಷಿಕ ಕಂತು ರೂ. 20. ಅಪಘಾತದಿಂದ ಮರಣ ಅಥವಾ ಪೂರ್ಣ ಅಂಗವೈಕಲ್ಯ ಉಂಟಾದರೆ ರೂ. 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ ರೂ. 1 ಲಕ್ಷ ದೊರೆಯುತ್ತದೆ. ಹಾವು ಕಡಿತ, ಮರದಿಂದ ಬೀಳುವುದು ಮುಂತಾದ ಪ್ರಸಂಗಗಳಲ್ಲಿ ಆಸ್ಪತ್ರೆಯ ದಾಖಲೆ ಇಟ್ಟುಕೊಳ್ಳಬೇಕು. ಆದರೆ ಇದು ಚಿಕಿತ್ಸಾ ವೆಚ್ಚ ಕೊಡುವ ಯೋಜನೆ ಅಲ್ಲ.

ಪಾಲಿಸಿಯಲ್ಲಿ ಪರೀಕ್ಷಿಸಬೇಕಾದ ಅಂಶಗಳು

ಕಂಪನಿಗಳು ಪ್ರತಿ ಪಾಲಿಸಿಯೊಂದಿಗೆ ಗ್ರಾಹಕರ ಮಾಹಿತಿ ಪತ್ರ ಕೊಡಬೇಕು. ಅದರಲ್ಲಿ ಈ ಕೆಳಗಿನವನ್ನು ಹುಡುಕಿ ಓದಬೇಕು. ಓದಲು ಕಷ್ಟವಾದರೆ ತಿಳಿದವರಿಂದ ಓದಿಸಬೇಕು.

1. ಕಾಯುವ ಅವಧಿ: ಅಪಘಾತ ಬಿಟ್ಟರೆ ಮೊದಲ 30 ದಿನ ಸಾಮಾನ್ಯವಾಗಿ ಯಾವ ಕಾಯಿಲೆಗೂ ಹಣ ಬರುವುದಿಲ್ಲ. ಕಣ್ಣಿನ ಪೊರೆ, ಹರ್ನಿಯಾ ಮುಂತಾದವಕ್ಕೆ ಹಲವು ಪಾಲಿಸಿಗಳಲ್ಲಿ 24 ತಿಂಗಳು ಕಾಯಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದಂತಹ ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ 36 ತಿಂಗಳು ಮೀರಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ನಿಯಮ ಮಾಡಿದೆ. ಮೊದಲು ಇದು 48 ತಿಂಗಳಿತ್ತು. ಕಾಯಿಲೆ ಕಾಣಿಸಿಕೊಂಡ ಮೇಲೆ ವಿಮೆ ಹುಡುಕುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಐವತ್ತೈದು ವರ್ಷದಲ್ಲೇ ಮಾಡಿಸಿದರೆ ಅಗತ್ಯ ಬೀಳುವ ಹೊತ್ತಿಗೆ ಈ ಅವಧಿ ಕಳೆದಿರುತ್ತದೆ.

2. ಸೇರುವ ವಯಸ್ಸು: 65 ವರ್ಷ ದಾಟಿದವರಿಗೆ ಹೊಸ ಪಾಲಿಸಿ ಇಲ್ಲವೆಂಬ ಹಿಂದಿನ ಕಟ್ಟಳೆಯನ್ನು 2024ರ ಏಪ್ರಿಲ್ 1ರಿಂದ ಸಡಿಲಿಸಲಾಗಿದೆ. ಆದರೂ ಕಂಪನಿಗಳು ವೈದ್ಯಕೀಯ ತಪಾಸಣೆ ಕೇಳಬಹುದು, ಕಂತು ಹೆಚ್ಚಿಸಬಹುದು.

3. ಸಹಪಾವತಿ: ಹಿರಿಯರ ಪಾಲಿಸಿಗಳಲ್ಲಿ ಮಂಜೂರಾದ ಹಣದ ಇಂತಿಷ್ಟು ಭಾಗವನ್ನು ರೋಗಿಯೇ ಕೊಡಬೇಕೆಂಬ ಷರತ್ತು ಇರುವುದುಂಟು. ಶೇಕಡಾ 20 ಸಹಪಾವತಿ ಇದ್ದರೆ ರೂ. 2 ಲಕ್ಷ ಮಂಜೂರಾದಾಗ ರೂ. 40,000 ಕೈಯಿಂದ ಹೋಗುತ್ತದೆ. ಕಡಿಮೆ ಕಂತಿನ ಹಿಂದೆ ಹೆಚ್ಚಾಗಿ ಈ ಷರತ್ತು ಅಡಗಿರುತ್ತದೆ.

4. ಕೊಠಡಿ ಬಾಡಿಗೆಯ ಮಿತಿ: ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಪಾಲಿಸಿಯಲ್ಲಿ ದಿನಕ್ಕೆ ರೂ. 3,000 ಮಿತಿ ಇದ್ದು, ರೂ. 6,000 ಬಾಡಿಗೆಯ ಕೊಠಡಿಯಲ್ಲಿ 5 ದಿನ ಇದ್ದರೆ ಏನಾಗುತ್ತದೆಂದು ಕೆಳಗೆ ತೋರಿಸಿದೆ.

– ಕೊಠಡಿ ಬಾಡಿಗೆ ರೂ. 30,000: ಸಿಗುವುದು ರೂ. 15,000
– ವೈದ್ಯರು, ದಾದಿಯರು, ಶಸ್ತ್ರಚಿಕಿತ್ಸಾ ಕೊಠಡಿ ಮುಂತಾದ ಶುಲ್ಕ ರೂ. 1,00,000: ಬಾಡಿಗೆಯ ಪ್ರಮಾಣದಲ್ಲಿಯೇ ಕಡಿತವಾಗಿ ಸಿಗುವುದು ರೂ. 50,000
– ಔಷಧಿ ಮತ್ತು ಪರೀಕ್ಷೆಗಳು ರೂ. 40,000: ಇವಕ್ಕೆ ಈ ಕಡಿತ ಇಲ್ಲ, ಸಿಗುವುದು ರೂ. 40,000

ಒಟ್ಟು ಬಿಲ್ಲು ರೂ. 1,70,000, ಸಿಗುವುದು ರೂ. 1,05,000. ಕೊಠಡಿಯಲ್ಲಿ ಹೆಚ್ಚಾದದ್ದು ರೂ. 15,000 ಮಾತ್ರ, ಕೈಯಿಂದ ಹೋದದ್ದು ರೂ. 65,000. ಆದ್ದರಿಂದ ಬಾಡಿಗೆ ಮಿತಿ ಇಲ್ಲದ ಪಾಲಿಸಿ ಉತ್ತಮ. ಮಿತಿ ಇದ್ದರೆ ಆಸ್ಪತ್ರೆ ಸೇರುವಾಗಲೇ ಮಿತಿಯೊಳಗಿನ ಕೊಠಡಿ ಕೇಳಬೇಕು.

5. ರೋಗವಾರು ಮಿತಿ: ವಿಮಾ ಮೊತ್ತ ರೂ. 5 ಲಕ್ಷ ಇದ್ದರೂ ಕಣ್ಣಿನ ಪೊರೆ, ಮಂಡಿ ಬದಲಾವಣೆ ಮುಂತಾದವಕ್ಕೆ ಪ್ರತ್ಯೇಕ ಮಿತಿ ಇರಬಹುದು.

6. ಆಸ್ಪತ್ರೆಗಳ ಪಟ್ಟಿ: ಕಂಪನಿಯ ನಗದುರಹಿತ ಆಸ್ಪತ್ರೆ ಜಿಲ್ಲಾ ಕೇಂದ್ರದಲ್ಲಿ ಒಂದಾದರೂ ಇರಬೇಕು. ಪಟ್ಟಿ ಎಷ್ಟು ಉದ್ದ ಎಂಬುದು ಮುಖ್ಯವಲ್ಲ. ಹತ್ತಿರ ಯಾವುದಿದೆ ಎಂಬುದು ಮುಖ್ಯ.

7. ಮುಂದಿನ ವರ್ಷಗಳ ಕಂತು: ಈ ವರ್ಷದ ಕಂತನ್ನಷ್ಟೇ ನೋಡಬಾರದು, ಐದು ಮತ್ತು ಹತ್ತು ವರ್ಷ ಹೆಚ್ಚು ವಯಸ್ಸಿನವರಿಗೆ ಅದೇ ಪಾಲಿಸಿಯ ದರ ಎಷ್ಟಿದೆ ಎಂದು ಕೇಳಬೇಕು. 60 ವರ್ಷ ಮೇಲ್ಪಟ್ಟವರ ಕಂತನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ಮೊದಲು ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಗಿದೆ. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇಕಡಾ 18 ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ.

ದಿನನಿತ್ಯ ನುಂಗುವ ಮಾತ್ರೆಗಳ ಖರ್ಚನ್ನು ಬಹುತೇಕ ಪಾಲಿಸಿಗಳು ಕೊಡುವುದಿಲ್ಲ. ಅದಕ್ಕೆ ಜನೌಷಧಿ ಕೇಂದ್ರಗಳು ಮತ್ತು ಸರ್ಕಾರಿ ಆಸ್ಪತ್ರೆಯ ಔಷಧಾಲಯಗಳೇ ದಾರಿ.

ಅರ್ಜಿ ತುಂಬುವಾಗ

ಕ್ಲೇಮು ತಿರಸ್ಕಾರವಾಗಲು ಒಂದು ದೊಡ್ಡ ಕಾರಣ ಅರ್ಜಿಯಲ್ಲಿ ಕಾಯಿಲೆಯನ್ನು ಬರೆಯದಿರುವುದು. "ಸಕ್ಕರೆ ಕಾಯಿಲೆ ಬರೆದರೆ ಕಂತು ಜಾಸ್ತಿಯಾಗುತ್ತದೆ, ಬಿಡಿ" ಎಂದು ಯಾರಾದರೂ ಹೇಳಿದರೆ ಕೇಳಬಾರದು. ಆಸ್ಪತ್ರೆಯಲ್ಲಿ ವೈದ್ಯರು "ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ" ಎಂದು ಬರೆದ ಒಂದು ಸಾಲು ಸಾಕು, ಕ್ಲೇಮು ನಿಂತುಹೋಗುತ್ತದೆ. ಕಾಯಿಲೆ, ಹಿಂದಿನ ಶಸ್ತ್ರಚಿಕಿತ್ಸೆ, ನುಂಗುವ ಮಾತ್ರೆ, ಬೀಡಿ ತಂಬಾಕಿನ ಅಭ್ಯಾಸ ಎಲ್ಲವನ್ನೂ ಬರೆಸಬೇಕು. ಖಾಲಿ ಅರ್ಜಿಗೆ ಸಹಿ ಹಾಕಬಾರದು. ತುಂಬಿದ ಅರ್ಜಿಯ ಪ್ರತಿ ಇಟ್ಟುಕೊಳ್ಳಬೇಕು. ಐದು ವರ್ಷ (60 ತಿಂಗಳು) ಸತತವಾಗಿ ನಡೆದ ಪಾಲಿಸಿಯ ಕ್ಲೇಮನ್ನು ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಪ್ರಶ್ನಿಸುವಂತಿಲ್ಲ. ಸಾಬೀತಾದ ವಂಚನೆಗೆ ಮಾತ್ರ ಈ ರಕ್ಷಣೆ ಇಲ್ಲ. ಪಾಲಿಸಿ ಕೈಗೆ ಬಂದ 30 ದಿನಗಳೊಳಗೆ ಓದಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು.

ಕಂತಿನ ದಿನಾಂಕವೂ ಮುಖ್ಯ. ಮೊದಲ ಸಲ ಕೊಳ್ಳುವಾಗಲೇ ಬೆಳೆ ಮಾರಾಟವಾಗಿ ಕೈಯಲ್ಲಿ ಹಣ ಇರುವ ತಿಂಗಳನ್ನು ಆರಿಸಿಕೊಳ್ಳಬೇಕು. ಆ ದಿನಾಂಕವೇ ಪ್ರತಿ ವರ್ಷ ಬರುತ್ತದೆ. ವಾರ್ಷಿಕ ಕಂತಿಗೆ 30 ದಿನ ವಿನಾಯಿತಿ ಇದ್ದರೂ, ಅವಧಿ ಮುಗಿದು ಕಂತು ಕಟ್ಟದ ಆ ದಿನಗಳಲ್ಲಿ ಕಾಯಿಲೆ ಬಿದ್ದರೆ ಹಣ ಸಿಗುವುದಿಲ್ಲ. ಅದೂ ಕಳೆದರೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ಒಂದು ಮಾದರಿ ಲೆಕ್ಕ

ಮೂರು ಎಕರೆ ತೋಟವಿರುವ, ಎ.ಪಿ.ಎಲ್. ಚೀಟಿಯ ಒಂದು ಕುಟುಂಬ ಇದೆಯೆನ್ನೋಣ. ರೈತನಿಗೆ 66 ವರ್ಷ, ರಕ್ತದೊತ್ತಡ ಇದೆ. ಪತ್ನಿಗೆ 61 ವರ್ಷ. ಹಾಲಿನ ಸಂಘದ ಸದಸ್ಯತ್ವ ಇದೆ. ಜಮೀನು ಮುಟ್ಟದೆ ಠೇವಣಿ ಮತ್ತು ಮಕ್ಕಳ ನೆರವಿನಿಂದ ರೂ. 3 ಲಕ್ಷ ಹೊಂದಿಸಬಲ್ಲರು. ಇವರು ಕ್ರಮವಾಗಿ ಹೀಗೆ ಮಾಡುವುದು ಸೂಕ್ತ.

ಮೊದಲನೆಯದು, ಆರೋಗ್ಯ ಕರ್ನಾಟಕದ ಕಾರ್ಡು ಮಾಡಿಸಿಕೊಂಡು, ಸಂಘದ ಮೂಲಕ ಯಶಸ್ವಿನಿಗೆ ಸೇರುವುದು. ಎರಡನೆಯದು, ಇಬ್ಬರಿಗೂ ಅಪಘಾತ ವಿಮೆ. ಇದಕ್ಕೆ ಒಟ್ಟು ರೂ. 40. ಮೂರನೆಯದು, ರೂ. 3 ಲಕ್ಷ ಡಿಡಕ್ಟಿಬಲ್ ಇರುವ ರೂ. 7ರಿಂದ 10 ಲಕ್ಷದ ಸೂಪರ್ ಟಾಪ್‌ಅಪ್ ಪಾಲಿಸಿಯನ್ನು ರಕ್ತದೊತ್ತಡವನ್ನು ಬರೆಸಿಯೇ ಕೊಳ್ಳುವುದು. ನಾಲ್ಕನೆಯದು, ರೂ. 3 ಲಕ್ಷದ ಠೇವಣಿಯನ್ನು ಮದುವೆ, ಕೊಳವೆ ಬಾವಿ ಎಂದು ಕರಗಿಸದೆ ಚಿಕಿತ್ಸೆಗೇ ಮೀಸಲಿಡುವುದು. ಇಷ್ಟು ಹೊಂದಿಸಲಾಗದ ಕುಟುಂಬಕ್ಕೆ ಸೂಪರ್ ಟಾಪ್‌ಅಪ್ ಮಾತ್ರ ಸಾಲದು. ಅವರು ಚಿಕ್ಕ ಮೂಲ ಪಾಲಿಸಿಯನ್ನು ಮೊದಲು ಯೋಚಿಸಬೇಕು. ಬಿ.ಪಿ.ಎಲ್. ಚೀಟಿ ಇದ್ದು, ಹತ್ತಿರದಲ್ಲೇ ಒಳ್ಳೆಯ ನೋಂದಾಯಿತ ಆಸ್ಪತ್ರೆ ಇರುವವರು ಸಾಲ ಮಾಡಿ ಖಾಸಗಿ ವಿಮೆ ಕೊಳ್ಳುವ ಅಗತ್ಯವಿಲ್ಲ.

ಕ್ಲೇಮು ಮತ್ತು ದೂರು

ಆಧಾರ್, ಪಡಿತರ ಚೀಟಿ, ಎಲ್ಲ ಕಾರ್ಡುಗಳು, ಪಾಲಿಸಿ ಮತ್ತು ಹಳೆಯ ವೈದ್ಯಕೀಯ ಚೀಟಿಗಳನ್ನು ಒಂದೇ ಚೀಲದಲ್ಲಿ ಇಟ್ಟು, ಅದು ಎಲ್ಲಿದೆ ಎಂದು ಮನೆಯ ಎಲ್ಲರಿಗೂ, ಹೆಂಗಸರಿಗೂ ತಿಳಿಸಿರಬೇಕು. ಆಸ್ಪತ್ರೆಗೆ ಸೇರಿದ ಕೂಡಲೇ ವಿಮಾ ಕೌಂಟರಿನಲ್ಲಿ ಪಾಲಿಸಿ ತೋರಿಸಿ ಕಂಪನಿಗೆ ತಿಳಿಸಬೇಕು. ನಗದುರಹಿತ ಕೋರಿಕೆಗೆ ಒಂದು ಗಂಟೆಯಲ್ಲಿ, ಬಿಡುಗಡೆಯ ಸಮಯದ ಅಂತಿಮ ಮಂಜೂರಾತಿಗೆ ಮೂರು ಗಂಟೆಯಲ್ಲಿ ಕಂಪನಿ ಉತ್ತರ ಕೊಡಬೇಕೆಂಬುದು 2024ರ ನಿಯಮ. ಎರಡು ಪಾಲಿಸಿಗಳಿದ್ದರೆ ಮೊದಲ ಕಂಪನಿಯಿಂದ ಹಣ ಮಂಜೂರಾದ ಪತ್ರ ಮತ್ತು ಬಿಲ್ಲುಗಳ ದೃಢೀಕೃತ ಪ್ರತಿಗಳನ್ನು ಪಡೆದು ಎರಡನೆಯ ಕಂಪನಿಗೆ ಸಲ್ಲಿಸಬೇಕು.

ಕ್ಲೇಮು ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ರೂ. 50 ಲಕ್ಷದವರೆಗಿನ ತಕರಾರುಗಳನ್ನು ಅವರು ವಿಚಾರಿಸುತ್ತಾರೆ. ಪ್ರಾಧಿಕಾರದ ಸಹಾಯವಾಣಿ 155255.

ನೆನಪಿಡಬೇಕಾದ ಮುಖ್ಯಾಂಶಗಳು

– ಸರ್ಕಾರದ ಮತ್ತು ಸಹಕಾರ ಸಂಘದ ಯೋಜನೆಗಳಿಗೆ ಮೊದಲು ಸೇರಬೇಕು. ಪೂರಕ ವಿಮೆ ಅನಂತರ.
– ಕುಟುಂಬ ಹೊಂದಿಸಬಲ್ಲ ಹಣಕ್ಕೆ ಸಮನಾಗಿ ಡಿಡಕ್ಟಿಬಲ್ ಆರಿಸಬೇಕು. ಟಾಪ್‌ಅಪ್‌ಗಿಂತ ಸೂಪರ್ ಟಾಪ್‌ಅಪ್ ಮೇಲು.
– ಕಂತಿನ ಜೊತೆಗೆ ಸಹಪಾವತಿ, ಕೊಠಡಿ ಮಿತಿ, ಕಾಯುವ ಅವಧಿಗಳನ್ನು ಹೋಲಿಸಬೇಕು.
– ಕಾಯಿಲೆಯನ್ನು ಮುಚ್ಚಿಡಬಾರದು, ನವೀಕರಣ ತಪ್ಪಿಸಬಾರದು.
– ಯಾವ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಆರೋಗ್ಯವಾಗಿರುವಾಗಲೇ ತೀರ್ಮಾನಿಸಿರಬೇಕು.

ವಿಸ್ತರಣಾ ಕಾರ್ಯಕರ್ತರು ರೈತರ ಸಭೆಗಳಲ್ಲಿ ಬೆಳೆ ವಿಮೆಯ ವಿಷಯ ತಿಳಿಸುವಾಗ ಇದಕ್ಕೂ ಅರ್ಧ ಗಂಟೆ ಮೀಸಲಿಟ್ಟು, ಆ ತಾಲ್ಲೂಕಿನ ನೋಂದಾಯಿತ ಆಸ್ಪತ್ರೆಗಳ ಪಟ್ಟಿಯನ್ನು ಹಾಲಿನ ಸಂಘದ ಗೋಡೆಯ ಮೇಲೆ ಬರೆಸಿದರೆ ಬಹಳ ಉಪಕಾರವಾಗುತ್ತದೆ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಮನೆಯವರೆಲ್ಲ ಕುಳಿತು ಕಾರ್ಡು, ಪಾಲಿಸಿ ಮತ್ತು ಠೇವಣಿಗಳ ಲೆಕ್ಕ ನೋಡಿಕೊಂಡರೆ, ಕಷ್ಟ ಬಂದ ದಿನ ಜಮೀನಿನ ಪತ್ರ ಹೊರಗೆ ತೆಗೆಯಬೇಕಾದ ಪ್ರಸಂಗವನ್ನು ಬಹಳ ಮಟ್ಟಿಗೆ ತಪ್ಪಿಸಬಹುದು.